ಪ್ರಶಸ್ತಿ ಬಂದ ಡಾಕ್ಯುಮೆಂಟರಿಗಳನ್ನ ಅದರೊಳಗಿರೋ ಜನ ನೋಡಿದಾರಾ? ಹೊಸ ಸಾಕ್ಷ್ಯಚಿತ್ರಗಳ ಬಗ್ಗೆ ಮಾತಾಡೋಣ ಬನ್ನಿ

ಬಿಳಿಪರದೆ:
ಎಲ್ರಿಗೂ ನಮಸ್ಕಾರ. ಈ ಐದಾರು ವರ್ಷದಲ್ಲಿ ನಮ್ಮ ದೇಶದ ಡಾಕ್ಯುಮೆಂಟರಿಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ನೋಡಿ, 2021ರಲ್ಲಿ ಪಾಯಲ್ ಕಪಾಡಿಯಾ, 2022ರಲ್ಲಿ ಶೌನಕ್ ಸೇನ್, ಸಾಲಾಗಿ ಎರಡು ವರ್ಷ ಕಾನ್ ಚಿತ್ರೋತ್ಸವದ ಡಾಕ್ಯುಮೆಂಟರಿ ಪ್ರಶಸ್ತಿ ನಮ್ಮೋರಿಗೇ ಬಂತು. 2023ರ ಮಾರ್ಚಲ್ಲಿ ದಿ ಎಲಿಫೆಂಟ್ ವಿಸ್ಪರರ್ಸ್‌ಗೆ ಆಸ್ಕರ್. ಅದಾದ್ಮೇಲೂ ಪ್ರತಿ ವರ್ಷ ಒಂದಲ್ಲ ಒಂದು ಬರ್ತಾನೇ ಇದೆ. ನಂಗೆ ಇದರಲ್ಲಿ ಖುಷಿನೂ ಇದೆ, ಜೊತೆಗೆ ಒಂದು ಪ್ರಶ್ನೆ ತುಂಬಾ ದಿನದಿಂದ ಕೊರೀತಾ ಇದೆ, ಅದನ್ನೇ ಇಲ್ಲಿ ಇಡ್ತಿದೀನಿ.

ಇವೆಲ್ಲ ನಿಜವಾದ ಜನರ ಬದುಕು ಅಲ್ವಾ. ನಟರಾದ್ರೆ ದುಡ್ಡು ತಗೊಂಡು ಮನೆಗೆ ಹೋಗ್ತಾರೆ, ಇವರು ಸಿನಿಮಾ ಮುಗಿದ ಮೇಲೂ ಅದೇ ಊರಲ್ಲಿ ಅದೇ ಅಕ್ಕಪಕ್ಕದೋರ ಮಧ್ಯೆ ಬದುಕ್ಬೇಕು. ಹಾಗಿದ್ಮೇಲೆ ಸಿನಿಮಾ ಹೊರಗೆ ಹೋಗೋಕೆ ಮುಂಚೆ ಅವರು ನೋಡಿರ್ಬೇಕು, ಅವರಿಗೆ ಅರ್ಥ ಆಗೋ ಭಾಷೇಲಿ ನೋಡಿರ್ಬೇಕು, ಬೇಡ ಅನ್ನಿಸಿದ್ರೆ ಬೇಡ ಅನ್ನೋ ಅವಕಾಶ ಇರ್ಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ನಂಗೆ ಸಿಕ್ಕಿರೋ ಒಳ್ಳೇ ಉದಾಹರಣೆ ನಿಶಾ ಪಹುಜಾ ಅವರ ಟು ಕಿಲ್ ಎ ಟೈಗರ್. ಜಾರ್ಖಂಡಿನ ಒಂದು ಹಳ್ಳಿ, 13 ವರ್ಷದ ಹುಡುಗಿ ಮೇಲೆ ಅತ್ಯಾಚಾರ ಆಗತ್ತೆ, ಊರಿನೋರು ರಾಜಿ ಮಾಡ್ಕೊಳ್ಳಿ, ಮಾಡಿದೋರಲ್ಲಿ ಒಬ್ಬನ ಜೊತೆನೇ ಮದುವೆ ಮಾಡಿಬಿಡಿ ಅಂತಾರೆ, ಅಪ್ಪ ಒಪ್ಪಲ್ಲ, ಕೋರ್ಟಿಗೆ ಹೋಗ್ತಾನೆ. ಅತ್ಯಾಚಾರ ಮಾಡಿದ ಮೂರು ಜನಕ್ಕೂ 25 ವರ್ಷ ಶಿಕ್ಷೆ ಆಯ್ತು. ಆದ್ರೆ ನಾನು ಹೇಳ್ಬೇಕಂತಿರೋದು ಆ ಹುಡುಗಿ ಮುಖದ ವಿಷಯ. ಅವಳಿಗೆ 18 ತುಂಬಿದ ಮೇಲೆ ಸಿನಿಮಾ ತೋರಿಸಿದ್ರು, ನೋಡಿ ಅವಳೇ ನನ್ನ ಮುಖ ಮುಚ್ಚೋದು ಬೇಡ ಅಂತ ಒಪ್ಪಿದ್ಮೇಲೆ ತೋರಿಸಿರೋದು. ಚಿತ್ರೀಕರಣ ಮಾಡುವಾಗ ಅಪ್ಪ ಅಮ್ಮ ಒಪ್ಪಿದ್ರು ಅಷ್ಟೇ ಸಾಕು ಅಂತ ಬಿಡಲಿಲ್ಲ.

ಇನ್ನೊಂದು ಕಡೆ ರೈಟಿಂಗ್ ವಿತ್ ಫೈರ್ ನೋಡಿ. ಬುಂದೇಲ್‌ಖಂಡದ ಖಬರ್ ಲಹರಿಯಾ ಸುದ್ದಿ ಸಂಸ್ಥೆಯ ಹೆಣ್ಣುಮಕ್ಕಳ ಬಗ್ಗೆ, ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ಮಾಡಿದ್ದು, ನಂಗೆ ತುಂಬಾ ಇಷ್ಟದ ಸಿನಿಮಾ. ಆದ್ರೆ ಆ ಸಿನಿಮಾ ಸ್ಪರ್ಧೇಲಿದ್ದ 2022ರ ಆಸ್ಕರ್ ಸಮಾರಂಭಕ್ಕೆ ಒಂದು ವಾರ ಇದೆ ಅನ್ನುವಾಗ ಖಬರ್ ಲಹರಿಯಾದೋರೇ ಹೇಳಿಕೆ ಕೊಟ್ರು, ನಾವು ಎಲ್ಲಾ ಪಕ್ಷಗಳ ಬಗ್ಗೆನೂ ವರದಿ ಮಾಡ್ತೀವಿ, ಸಿನಿಮಾ ನೋಡಿದ್ರೆ ಒಂದೇ ಪಕ್ಷದ ಬೆನ್ನು ಬಿದ್ದಿರೋ ಹಾಗೆ ಕಾಣತ್ತೆ, ಇದು ನಮ್ಮ ಪೂರ್ತಿ ಕೆಲಸ ಅಲ್ಲ ಅಂತ. 2002ರಿಂದ ಸುದ್ದಿ ಕೆಲಸ ಮಾಡ್ತಿರೋರು, ಅವರ ಮಾತಿಗೂ ತೂಕ ಇದೆ ತಾನೇ?

ನಿಮ್ಮೂರ ಕಡೆ ಅನುಭವ, ನೀವು ನೋಡಿರೋ ಹೊಸ ಸಿನಿಮಾ, ಏನಿದ್ರೂ ಬರೀರಿ.

ಗುಂಡ್ಲುಪೇಟೆ ಹುಡುಗ:
ಅಣ್ಣಾ ಒಳ್ಳೇ ವಿಷ್ಯ ಎತ್ತಿದ್ರಿ. ಎಲಿಫೆಂಟ್ ವಿಸ್ಪರರ್ಸ್ ನಡೆದಿರೋ ತೆಪ್ಪಕಾಡು ನಮಗೆ ಬಂಡೀಪುರ ದಾಟಿದ್ರೆ ಆಯ್ತು, ಕೆಕ್ಕನಹಳ್ಳ ಚೆಕ್‌ಪೋಸ್ಟ್ ಆದ್ಮೇಲೆ ತಮಿಳುನಾಡು, ಊಟಿ ರೋಡಲ್ಲೇ ಬರ್ತದೆ. ಅದರಲ್ಲಿ ಆನೆ ಮರಿ ಸಾಕೋ ಬೊಮ್ಮನ್, ಬೆಳ್ಳಿ ಇಬ್ಬರೂ ಕಾಟ್ಟುನಾಯಕನ್ ಅನ್ನೋ ಕಾಡಿನ ಜನ, ಅವರು ಮನೇಲಿ ಆಡೋ ಮಾತು ನಮ್ಮ ಕಡೆ ಜೇನುಕುರುಬರ ಮಾತಿಗೆ ತುಂಬ ಹತ್ರ, ಅಂದ್ರೆ ಕನ್ನಡಕ್ಕೂ ಹತ್ರಾನೇ. ಕಾಡಿಗೆ ಬಾರ್ಡರ್ ಹಾಕಿದ್ದು ನಾವು, ಅವರಿಗೆ ಎರಡೂ ಕಡೆ ನೆಂಟರು ಇದಾರೆ.

ಕಾರ್ತಿಕಿ ಗೊನ್ಸಾಲ್ವಿಸ್ ಅವರು ವರ್ಷಗಟ್ಟಲೆ ಅಲ್ಲೇ ಓಡಾಡಿ ಮಾಡಿದ್ದು ಅದು, ಅವಸರದ ಕೆಲಸ ಅಲ್ಲ, ರಘು ಅನ್ನೋ ಆ ತಬ್ಬಲಿ ಮರಿ ಬೆಳೆಯೋದು ಕಣ್ಣಿಗೆ ಕಾಣ್ಸುತ್ತೆ. ಪ್ರಶಸ್ತಿ ಬಂದ್ಮೇಲೆ ತಮಿಳುನಾಡು ಸರ್ಕಾರ ಎರಡು ಆನೆ ಕ್ಯಾಂಪಿನ 91 ಮಂದಿ ಕೆಲಸಗಾರರಿಗೆ ತಲಾ 1 ಲಕ್ಷ ಕೊಡ್ತು, ಮನೆ ಕಟ್ಟೋಕೂ ದುಡ್ಡು ಇಡ್ತು, ಬೆಳ್ಳಿಯಮ್ಮನ್ನ ಸರ್ಕಾರದ ಕಾವಾಡಿ (ಮಾವುತರಿಗೆ ಸಹಾಯ ಮಾಡೋರು) ಅಂತ ನೇಮಕ ಮಾಡ್ತು, ಆ ರಾಜ್ಯದಲ್ಲಿ ಮೊದಲ ಹೆಣ್ಣು ಕಾವಾಡಿ. ಇದೆಲ್ಲ ಸಿನಿಮಾದಿಂದ ಆಗಿದ್ದು, ಇಲ್ಲ ಅನ್ನೋಕಾಗಲ್ಲ. ಆದ್ರೆ ಅದೇ ವರ್ಷ ಆಗಸ್ಟಲ್ಲಿ ದುಡ್ಡಿನ ವಿಷಯಕ್ಕೆ ಬೊಮ್ಮನ್, ಬೆಳ್ಳಿ ಕಡೆಯಿಂದ 2 ಕೋಟಿ ಕೇಳಿ ಲೀಗಲ್ ನೋಟಿಸ್ ಅಂತ ಸುದ್ದಿ ಬಂತು, ಸಿನಿಮಾದೋರು ಆರೋಪ ಸುಳ್ಳು ಅಂದ್ರು. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನ್ ಯಾರೂ ಅಲ್ಲ. ನನಗೆ ಅನ್ಸೋದು ಇಷ್ಟೇ, ಶುರುವಲ್ಲೇ ಯಾರಿಗೆ ಏನು ಅಂತ ಅವರ ಭಾಷೇಲಿ, ನಾಕು ಜನ ಹಿರಿಯರ ಮುಂದೆ ಕೂತು ಮಾತಾಡಿ ಬರೆದಿಟ್ರೆ ಆಮೇಲೆ ಎರಡೂ ಕಡೆಯೋರಿಗೆ ನೋವಿರಲ್ಲ.

ಇನ್ನೊಂದು ನನ್ನ ಆಸೆ. ನಮ್ಮ ಮತ್ತಿಗೋಡು, ಬಳ್ಳೆ, ದುಬಾರೆ, ಸಕ್ರೆಬೈಲು ಇಲ್ಲೆಲ್ಲ ಮಾವುತರು ಕಾವಾಡಿಗರು ಇದಾರಲ್ಲ, ಅವರ ಬದುಕಿನ ಮೇಲೆ ಯಾರಾದ್ರೂ ಹಿಂಗೇ ಕೂತು ಮಾಡ್ಬೇಕು. ದಸರಾದಲ್ಲಿ ಅರಮನೆ ಆವರಣದಲ್ಲಿ ಹೆಂಡ್ತಿ ಮಕ್ಕಳ ಜೊತೆ ಶೆಡ್ಡಲ್ಲಿ ಇರ್ತಾರೆ, ಟಿವಿಯೋರು ಆನೆ ತೂಕ ಎಷ್ಟು ಅಂತ ಕೇಳಿ ಹೋಗ್ತಾರೆ. 2023ರ ಡಿಸೆಂಬರಲ್ಲಿ ಸಕಲೇಶಪುರದ ಯಸಳೂರಲ್ಲಿ ಕಾಡಾನೆ ಕಾರ್ಯಾಚರಣೇಲಿ ದಸರಾ ಆನೆ ಅರ್ಜುನ ತೀರಿಕೊಂಡಾಗ ಮಾವುತನ ಅಳು ಇಡೀ ರಾಜ್ಯ ನೋಡ್ತು. ಆಮೇಲೆ ಆ ಮನೆಯೋರು ಹೆಂಗಿದಾರೆ ಅಂತ ಯಾರಾದ್ರೂ ಹೋಗಿ ಕೂತು ಕೇಳೋ ಸಿನಿಮಾ ಬೇಕು.

ಮಲ್ಪೆ ಬಂದರು:
ನಾನು ಮೀನುಗಾರರ ಮನೆಯವ. ಸರ್ವ್‌ನಿಕ್ ಕೌರ್ ಅವರ ಅಗೇನ್‌ಸ್ಟ್ ದಿ ಟೈಡ್ ಯಾರಾದ್ರೂ ನೋಡಿದ್ದೀರಾ? ಮುಂಬೈಯ ಕೋಳಿ ಎಂಬ ಮೀನುಗಾರ ಸಮುದಾಯದ ಇಬ್ರು ಸ್ನೇಹಿತರು, ರಾಕೇಶ್ ಮತ್ತೆ ಗಣೇಶ್. ಒಬ್ಬ ಅಪ್ಪ ಅಜ್ಜನ ಕಾಲದ ಕ್ರಮದಲ್ಲಿ ದಡದ ಹತ್ರ ಬಲೆ ಹಾಕುವವ, ಇನ್ನೊಬ್ಬ ಸಾಲ ಮಾಡಿ ದೊಡ್ಡ ಬೋಟ್ ಮಾಡಿ ಆಳ ಸಮುದ್ರಕ್ಕೆ ಹೋಗುವವ. 2023ರಲ್ಲಿ ಅಮೆರಿಕದ ಸಂಡ್ಯಾನ್ಸ್ ಚಿತ್ರೋತ್ಸವದಲ್ಲಿ ವಿಶೇಷ ಜ್ಯೂರಿ ಪ್ರಶಸ್ತಿ ಬಂದದ್ದು.

ಮಾರಾಯ್ರೆ ಅದು ಮರಾಠಿ ಸಿನಿಮಾ ಹೇಳಿಯೇ ಅನ್ನಿಸುದಿಲ್ಲ, ನಮ್ಮದೇ ಕಥೆ. ಗಣೇಶ್ ಎಲ್‌ಇಡಿ ಲೈಟ್ ಹಾಕಿ ಮೀನು ಹಿಡಿಯುವ ಯೋಚನೆ ಮಾಡ್ತಾನಲ್ಲ, ಅದು ನಮ್ಮಲ್ಲಿ ಎಷ್ಟು ವರ್ಷದಿಂದ ನಡೀತಿರುವ ಜಗಳ ಗೊತ್ತುಂಟಾ. ಗೊತ್ತಿಲ್ಲದವರಿಗೆ ಹೇಳ್ತೇನೆ: ರಾತ್ರಿ ಜನರೇಟರ್ ಇಟ್ಟು ಜೋರು ಬೆಳಕು ನೀರಿಗೆ ಬಿಟ್ರೆ ಮೀನು ಬೆಳಕಿನ ಅಡಿಗೆ ಒಟ್ಟಾಗ್ತದೆ, ದೊಡ್ಡದು ಮರಿ ಎಲ್ಲ ಸೇರಿ, ಸುತ್ತ ಬಲೆ ಬಿಟ್ಟು ಒಂದೇ ಸಲಕ್ಕೆ ಎಳೆಯುದು. 2017ರಲ್ಲಿ ಕೇಂದ್ರ ಸರ್ಕಾರ ನಿಷೇಧ ಮಾಡಿದ್ದು, ರಾಜ್ಯದಲ್ಲಿಯೂ ನಿಷೇಧ ಉಂಟು, ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗಿಗೂ ಉಂಟು. ಆದ್ರೂ ನಾಡದೋಣಿಯವರಿಗೂ ಲೈಟ್ ಫಿಶಿಂಗಿನವರಿಗೂ ಗಲಾಟೆ ಮುಗೀಲಿಲ್ಲ. ನಾಡದೋಣಿಯವರು ಹೇಳುದು ಮರಿ ಎಲ್ಲ ಹಿಡಿದ್ರೆ ನಾಳೆ ಬಂಗುಡೆ ಬೂತಾಯಿ ಎಲ್ಲಿಂದ ಬರ್ತದೆ ಹೇಳಿ. ಬೋಟಿನವರು ಹೇಳುದು ಡೀಸೆಲ್ ರೇಟು, ಐಸು, ಕಾರ್ಮಿಕರ ಸಂಬಳ, ಬ್ಯಾಂಕ್ ಕಂತು, ಮೀನು ಸಿಗದಿದ್ರೆ ನಾವು ಎಂತ ಮಾಡುದು. ಎರಡೂ ಒಂದೇ ಊರಿನವರು, ಒಂದೇ ದೇವಸ್ಥಾನಕ್ಕೆ ಹೋಗುವವರು.

ಸಿನಿಮಾದಲ್ಲಿ ನಂಗೆ ತುಂಬ ಹಿಡಿಸಿದ್ದು ಅದೇ, ಒಬ್ಬನನ್ನ ಒಳ್ಳೆಯವ ಒಬ್ಬನನ್ನ ಕೆಟ್ಟವ ಮಾಡಿಲ್ಲ. ಪೇಪರಿನಲ್ಲಿ ಬರುವ ಸುದ್ದಿಯಲ್ಲಿ ನಮ್ಮನ್ನ ಯಾವಾಗಲೂ ಹಾಗೆ ಎರಡು ಪಾರ್ಟಿ ಮಾಡಿ ಬಿಡ್ತಾರೆ.

ಇದನ್ನ ನಮ್ಮ ಬಂದರಿನಲ್ಲಿ ತೋರಿಸ್ಬೇಕು. ಜೂನ್ 1ರಿಂದ ಜುಲೈ 31 ಯಾಂತ್ರೀಕೃತ ಬೋಟಿಗೆ ರಜೆ, 61 ದಿನ. ಬೋಟಿನವರು ಎಲ್ಲ ದಡದಲ್ಲಿರ್ತಾರೆ, ಬಲೆ ರಿಪೇರಿ ಮಾಡ್ತಾ. ಆವಾಗ ತೋರಿಸಿದ್ರೆ ಇಬ್ಬರೂ ಒಟ್ಟಿಗೆ ಕೂತು ನೋಡ್ಬಹುದು. ನಾಡದೋಣಿಯವರಿಗೆ ಮಾತ್ರ ಅದೇ ಸೀಸನ್, ಹಾಗಾಗಿ ಕಡಲು ಜೋರಿದ್ದ ದಿನ ನೋಡಿ ಇಡ್ಬೇಕು.

ಬಿಳಿಪರದೆ:
ಮಲ್ಪೆ ಅವರೇ, ಈ ಥರದ ಮಾತಿಗೇ ನಾನು ಕಾಯ್ತಾ ಇದ್ದಿದ್ದು. ಮುಂಬೈ ಕೋಳಿ ಮೀನುಗಾರರ ಸಿನಿಮಾನ ಮಲ್ಪೆ ಮೊಗವೀರರು ನೋಡಿ ಮಾತಾಡಿದ್ರೆ ಅದು ಯಾವ ಚಿತ್ರೋತ್ಸವದಲ್ಲೂ ಸಿಗದ ವಿಮರ್ಶೆ.

ಸಾಧನಕೇರಿ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಒಂದು ಸಿನಿಮಾದ ಹೆಸರು ಹೇಳ್ತೀನಿ, ಕಿಂಶುಕ್ ಸುರ್ಜನ್ ಅವರ ಮಾರ್ಚಿಂಗ್ ಇನ್ ದಿ ಡಾರ್ಕ್, 2024ರದು. ಮಹಾರಾಷ್ಟ್ರದಾಗ ಸಾಲಕ್ಕ ಆತ್ಮಹತ್ಯೆ ಮಾಡಿಕೊಂಡ ರೈತರ ಹೆಂಡಂದಿರ ಮ್ಯಾಲಿನ ಚಿತ್ರ. ರೈತ ಸತ್ತಾಗ ಎಲ್ಲಾರೂ ಬರ್ತಾರ, ಮಂತ್ರಿ ಬರ್ತಾರ, ಚೆಕ್ಕು ಕೊಡ್ತಾರ, ಫೋಟೊ ತೆಗಿಸ್ಕೊಂತಾರ. ಆಮ್ಯಾಲೆ ಆ ಹೆಣ್ಮಗಳು ಅತ್ತಿಮನ್ಯಾಗ ಹೆಂಗ ಬಾಳೇವು ಮಾಡ್ತಾಳ, ಮೈದುನರು ಏನಂತಾರ, ಹೊಲ ಯಾರ ಹೆಸರಿಗೆ ಆಗ್ತದ, ಮಕ್ಕಳ ಫೀ ಯಾರು ಕಟ್ಟತಾರ, ಯಾರೂ ಕೇಳೂದಿಲ್ಲ. ಈ ಚಿತ್ರದಾಗ ಇಂಥಾ ಹೆಣ್ಮಕ್ಕಳು ಒಂದ ಕಡೆ ಕೂಡಿ ಕುಂತು ತಮ್ಮ ತಮ್ಮ ಮಾತು ಆಡತಾರ, ಮೊದಲ ಬಾಯಿ ಬಿಡಂಗಿಲ್ಲ, ಒಬ್ಬಾಕಿ ಶುರು ಮಾಡಿದ ಮ್ಯಾಲೆ ಉಳದವರೂ ಮಾತಾಡತಾರ. ನನಗ ತಡಕೊಳ್ಳಾಕ ಆಗಲಿಲ್ಲ.

ನಮ್ಮ ಹಾವೇರಿ, ಧಾರವಾಡ, ಬೆಳಗಾವಿ ಜಿಲ್ಲಾದಾಗ ಇಂಥಾ ಮನಿ ಎಷ್ಟ ಅದಾವು. ಕರ್ನಾಟಕದಾಗ 5 ಲಕ್ಷ ಪರಿಹಾರ ಅಂತ ಐತಿ, ಆದ್ರ ಅದು ಸಿಗಬೇಕಾದ್ರ ಸಾಲದ ಕಾಗದ, ಪಹಣಿ, ಪೋಸ್ಟ್‌ಮಾರ್ಟಮ್ ರಿಪೋರ್ಟು, ಸಮಿತಿ ಒಪ್ಪಿಗಿ ಎಲ್ಲಾ ಬೇಕು. ಪಹಣಿ ಮಾವನ ಹೆಸರಿನ್ಯಾಗ ಇದ್ದು ಸಾಲ ಕೈಗಡ ಇತ್ತಂದ್ರ ಆ ಹೆಣ್ಮಗಳು ಏನ ತೋರಿಸಬೇಕು? ಇಂಥಾವು ಯಾರರ ಕನ್ನಡದಾಗ ಮಾಡ್ರಿ ಅಂತ ಕೈ ಮುಗದ ಕೇಳ್ತೀನಿ.

ಮತ್ತ ಕನ್ನಡದಾಗ ಡಾಕ್ಯುಮೆಂಟರಿ ಪರಂಪರಾನ ಇಲ್ಲ ಅನ್ನಬ್ಯಾಡ್ರಿ ಯಾರೂ. ಗಿರೀಶ ಕಾರ್ನಾಡರು 1972ರಾಗ ಬೇಂದ್ರೆ ಅಜ್ಜನ ಮ್ಯಾಲೆ ಮಾಡ್ಯಾರ, 1988ರಾಗ ಕನಕ ಪುರಂದರ ಮಾಡ್ಯಾರ. ಬೇಂದ್ರೆಯವರು ತೀರಿಕೊಂಡದ್ದು 1981ರಾಗ, ಅವರು ಇದ್ದಾಗನ ಕ್ಯಾಮೆರಾ ಹಿಡದಿದ್ದಕ್ಕ ಇವತ್ತಿನ ಹುಡುಗರಿಗೆ ಅವರನ್ನ ನೋಡಾಕ ಸಿಕ್ಕದ. ಈಗ ನಮ್ಮ ಕಡೆ ಇರೋ ಹಿರಿಯ ಹಾಡುಗಾರರು, ಸಣ್ಣಾಟ ದೊಡ್ಡಾಟದವರು, ಗೀಗೀ ಪದ ಹೇಳೋರು, ಅವರು ಇರೋತನಕ ಮಾಡಬೇಕು.

ಎಡಿಟ್ ಟೇಬಲ್:
ನಾನು ಬೆಂಗಳೂರಲ್ಲಿ ಡಾಕ್ಯುಮೆಂಟರಿ ಎಡಿಟಿಂಗ್ ಕೆಲಸ ಮಾಡ್ತೀನಿ. ಬಿಳಿಪರದೆ ಸರ್ ಮಾತಿಗೆ ಅರ್ಧ ಒಪ್ಪಿಗೆ ಇದೆ, ಅರ್ಧ ಇಲ್ಲ, ಸ್ವಲ್ಪ ಉದ್ದ ಆಗತ್ತೆ ತಾಳ್ಮೆಯಿಂದ ಓದಿ.

ಬಡವರ, ದುರ್ಬಲರ ಬಗ್ಗೆ ಮಾಡಿದಾಗ ಮೊದಲು ಅವರಿಗೆ ತೋರಿಸ್ಬೇಕು, ಸರಿ. ಆದ್ರೆ ಇದನ್ನ ಒಂದು ಕಟ್ಟುನಿಟ್ಟಿನ ನಿಯಮ ಮಾಡಿಬಿಟ್ರೆ ನಾಳೆ ಗಣಿ ಮಾಲೀಕ, ರಾಜಕಾರಣಿ, ಪೊಲೀಸ್ ಅಧಿಕಾರಿನೂ ನಂಗೆ ಮೊದಲು ತೋರಿಸಿ, ನಂಗೆ ಇಷ್ಟ ಆಗಿಲ್ಲ ತೆಗೀರಿ ಅಂತಾರೆ. ಅವರಿಗೂ ಬೇಡ ಅನ್ನೋ ಹಕ್ಕು ಕೊಡ್ತೀರಾ? ಒಂದು ಊರು ಅಂದ್ರೂ ಅಷ್ಟೇ, ಊರಲ್ಲಿ ಎಲ್ಲರೂ ಒಂದೇ ಅಲ್ಲ. ನೀವೇ ಹೇಳಿದ ಟು ಕಿಲ್ ಎ ಟೈಗರ್‌ನ ಆ ಹಳ್ಳಿ ಜನಕ್ಕೆ ಮೊದಲು ತೋರಿಸಿ ಒಪ್ಪಿಗೆ ಕೇಳಿದ್ದಿದ್ರೆ ಆ ಸಿನಿಮಾ ಇವತ್ತು ಇರ್ತಿರ್ಲಿಲ್ಲ. ಒಪ್ಪಿಗೆ ಯಾರದ್ದು ಅನ್ನೋದನ್ನ ಪ್ರತಿ ಸಿನಿಮಾದಲ್ಲೂ ಹೊಸದಾಗಿ ಯೋಚನೆ ಮಾಡ್ಬೇಕು, ಅದಕ್ಕೆ ಫಾರ್ಮುಲಾ ಇಲ್ಲ.

ಎರಡನೇದು ದುಡ್ಡು. ಮೂರು ವರ್ಷ ಶೂಟ್ ಮಾಡ್ತಾರೆ, ನೂರಾರು ಗಂಟೆ ಫುಟೇಜ್, ಅದನ್ನ 90 ನಿಮಿಷಕ್ಕೆ ಇಳಿಸೋಕೆ ಇನ್ನೊಂದು ವರ್ಷ. ಈ ಕಾಲದ ಹೆಚ್ಚಿನ ಒಳ್ಳೇ ಡಾಕ್ಯುಮೆಂಟರಿಗಳಿಗೆ ದುಡ್ಡು ಬಂದಿರೋದು ಹೊರದೇಶದ ಫಂಡ್‌ಗಳಿಂದ, ಅರ್ಜಿ ಹಾಕಿ ಹಾಕಿ ತಂದಿರೋದು. ನಮ್ಮಲ್ಲಿ 1948ರಲ್ಲಿ ಶುರುವಾದ, ಸರ್ಕಾರದ ದುಡ್ಡಲ್ಲಿ ಡಾಕ್ಯುಮೆಂಟರಿ ಮಾಡೋ ಫಿಲ್ಮ್ಸ್ ಡಿವಿಷನ್ ಇತ್ತು, ಹಿಂದೆ ಟಾಕೀಸಲ್ಲಿ ಸಿನಿಮಾಗೆ ಮುಂಚೆ ಅವರ ರೀಲು ಹಾಕ್ಲೇಬೇಕು ಅಂತ ನಿಯಮ ಇತ್ತು, ಈಗ ಅದನ್ನೂ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಒಳಗೆ ಸೇರಿಸಿದಾರೆ. ಓಟಿಟಿಯೋರು ಅಂತೀರಾ, ಕೊಲೆ, ಹಗರಣ, ಸೆಲೆಬ್ರಿಟಿ ಮದುವೆ ಇದ್ರೆ ಮಾತಾಡ್ತಾರೆ. ಮೀನುಗಾರರು ರೈತರು ಅಂದ್ರೆ ಮೇಲ್‌ಗೆ ಉತ್ತರ ಬರಲ್ಲ.

ಮೂರನೇದು ಸರ್ಟಿಫಿಕೇಟು. 1952ರ ಸಿನಿಮಾಟೊಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕವಾಗಿ ತೋರಿಸೋಕೆ ಡಾಕ್ಯುಮೆಂಟರಿಗೂ ಸೆನ್ಸಾರ್ ಬೇಕು, ಚಿತ್ರೋತ್ಸವ ಆದ್ರೆ ಕೇಂದ್ರದಿಂದ ವಿನಾಯಿತಿ ತಗೋಬೇಕು. ನಮ್ಮ ಕೇಸರಿ ಹರವೂ ಅವರು ದೆಹಲಿ ಗಡಿಯ ರೈತ ಹೋರಾಟದ ಮೇಲೆ ಕಿಸಾನ್ ಸತ್ಯಾಗ್ರಹ ಮಾಡಿದ್ರಲ್ಲ, ಭೂಮಿಗೀತ ಮಾಡಿದ ಅದೇ ನಿರ್ದೇಶಕರು. 2024ರ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದನ್ನ ತೋರಿಸೋಕೆ ಕೇಂದ್ರದ ಅನುಮತಿ ಸಿಗಲಿಲ್ಲ. ಕನ್ನಡದ ನಿರ್ದೇಶಕರ ಸಿನಿಮಾ, ಕನ್ನಡ ನಾಡಿನ ಚಿತ್ರೋತ್ಸವ, ಆದ್ರೂ ನಾವು ನೋಡೋಕಾಗಲಿಲ್ಲ. ಜನಕ್ಕೆ ತೋರಿಸ್ಲಿಲ್ಲ ಅಂತ ನಿರ್ದೇಶಕರನ್ನ ಕೇಳೋ ಮುಂಚೆ ಇದನ್ನೂ ಕೇಳ್ಬೇಕು.

ಬಿಳಿಪರದೆ:
ಎಡಿಟ್ ಟೇಬಲ್ ಅವರೇ, ಅಧಿಕಾರ ಇರೋರಿಗೆ ಆ ಹಕ್ಕು ಬೇಡ, ಅದು ಸರಿ. ನಾನು ಹೇಳ್ತಿರೋದು ತಮ್ಮ ಮನೆ ಬಾಗಿಲು ತೆಗೆದು ಕ್ಯಾಮೆರಾನ ಒಳಗೆ ಬಿಟ್ಕೊಂಡೋರ ಬಗ್ಗೆ. ದುಡ್ಡಿಲ್ಲ ಅನ್ನೋದೂ ನಿಜ, ಆದ್ರೆ ಎರಡು ದಿನ ಲ್ಯಾಪ್‌ಟಾಪ್ ಹಿಡ್ಕೊಂಡು ಆ ಮನೆಗೆ ವಾಪಸ್ ಹೋಗೋಕೆ ಫಂಡ್ ಬೇಕಾ ಹೇಳಿ? ಬಜೆಟ್ ಬರೆಯುವಾಗಲೇ ಕಲರ್ ಕರೆಕ್ಷನ್ನಿಗೆ ಇಷ್ಟು, ಸೌಂಡಿಗೆ ಇಷ್ಟು ಅಂತ ಬರೆಯೋ ಹಾಗೆ ಊರಲ್ಲಿ ಪ್ರದರ್ಶನಕ್ಕೆ ಇಷ್ಟು ಅಂತ ಒಂದು ಸಾಲು ಇರ್ಬೇಕು. ಕೊಡೋರಿಗೂ ಅದು ಅಭ್ಯಾಸ ಆಗತ್ತೆ.

ಮಲೆ ಮಾದಪ್ಪ:
ನಮ್ಮೂರು ಕೊಳ್ಳೇಗಾಲದ ಆಚೆ. ನಮ್ಮ ಕಡೆ ಜನ ಡಾಕ್ಯುಮೆಂಟರಿ ಅಂದ್ರೆ ನೆನಪಿಸಿಕೊಳ್ಳೋದು 2023ರ ಆಗಸ್ಟಲ್ಲಿ ನೆಟ್‌ಫ್ಲಿಕ್ಸಲ್ಲಿ ಬಂತಲ್ಲ ದಿ ಹಂಟ್ ಫಾರ್ ವೀರಪ್ಪನ್, ನಾಕು ಕಂತು. ವೀರಪ್ಪನ್ ಹೆಂಡ್ತಿ ಮುತ್ತುಲಕ್ಷ್ಮಿ ಮಾತಾಡವ್ರೆ, ಪೊಲೀಸಿನೋರು ಮಾತಾಡವ್ರೆ, ಕೆಲಸ ಚೆನ್ನಾಗದೆ ಅದನ್ನ ಇಲ್ಲ ಅನ್ನಕಿಲ್ಲ. ಆದ್ರೆ ನಂಗೆ ಹೊಟ್ಟೇಲಿ ಸಂಕಟ ಏನಪ್ಪಾ ಅಂದ್ರೆ, ವೀರಪ್ಪನ್ ಅಂದ ತಕ್ಷಣ ಎಲ್ರಿಗೂ ಬೇಕಾಗಿರೋದು ಮೀಸೆ, ಬಂದೂಕು, 2000ದಲ್ಲಿ ಅಣ್ಣಾವ್ರ ಅಪಹರಣದ 108 ದಿನ. ಆ ಇಪ್ಪತ್ತು ವರ್ಷ ಎರಡು ಕಡೆಯಿಂದಲೂ ಏಟು ತಿಂದೋರು ಕಾಡಂಚಿನ ಹಳ್ಳಿಯೋರು. ಅವನಿಗೆ ಅಕ್ಕಿ ಕೊಟ್ರೆ ಅವನನ್ನ ಹಿಡಿಯೋಕೆ ಬಂದಿದ್ದ ಪೊಲೀಸ್ ಪಡೆ ಎಸ್‌ಟಿಎಫ್‌ನೋರು ಎಳ್ಕೊಂಡು ಹೋಗೋರು, ಕೊಡದೆ ಇದ್ರೆ ಇನ್‌ಫಾರ್ಮರ್ ಅಂತ ಅವನು ಹೊಡೆಯೋನು. ವಿಚಾರಣೆ ಹೆಸರಲ್ಲಿ ಕೊಟ್ಟ ಹಿಂಸೆ ಬಗ್ಗೆ ಮಾನವ ಹಕ್ಕು ಆಯೋಗದೋರು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಮಾಡಿದ್ರು, ಹೆಂಗಸ್ರು ಮುಂದೆ ಬಂದು ಹೇಳಿಕೆ ಕೊಟ್ರು. ಎಷ್ಟು ಕಷ್ಟ ಇರ್ಬೋದು ಯೋಚನೆ ಮಾಡಿ, ಗೊತ್ತಿಲ್ಲದ ಗಂಡಸರ ಮುಂದೆ ಅದನ್ನೆಲ್ಲ ಹೇಳೋದು. ಆ ಸರಣೀಲಿ ಇದು ಬರ್ತದೆ, ಆದ್ರೆ ಅದು ಪಕ್ಕದ ಕಥೆ ಆಗಿ ಬರ್ತದೆ. ನಂಗೆ ಅವರೇ ಮಧ್ಯದಲ್ಲಿರೋ ಸಿನಿಮಾ ಬೇಕು. ಅವರಲ್ಲಿ ಬದುಕಿರೋರಿಗೆ ಈಗ ವಯಸ್ಸಾಗ್ತಾ ಅದೆ, ಸಾಧನಕೇರಿಯವರು ಹೇಳ್ದಂಗೆ ಇರೋತನಕ ಮಾಡ್ಬೇಕು.

ಹಂಗಂತ ಯಾರೋ ಕ್ಯಾಮೆರಾ ತಗೊಂಡು ಬಂದು ಅಳೋ ತನಕ ಪ್ರಶ್ನೆ ಕೇಳಿ ಹೋಗೋದೂ ಬೇಡ. ನಮ್ಮ ನೆಂಟರಲ್ಲಿ ಒಬ್ಬರಿಗೆ ಹಂಗೇ ಆಯ್ತು, ಯಾವುದೋ ಚಾನೆಲ್ಲಿನೋರು ಬಂದು ಕೇಳಿ ಹೋದ್ರು, ಆಮೇಲೆ ಎರಡು ದಿನ ಆ ಅಜ್ಜಿ ಊಟ ಮಾಡ್ಲಿಲ್ಲ, ಫೋನ್ ಮಾಡಿ ಹೆಂಗಿದೀರ ಅಂತ ಒಬ್ಬರೂ ಕೇಳ್ಲಿಲ್ಲ.

ಮೇಪಲ್ ಕನ್ನಡತಿ:
ಟೊರಾಂಟೊದಿಂದ ಬರೀತಿದೀನಿ. ಇಲ್ಲಿ ಪ್ರತಿ ವರ್ಷ ಹಾಟ್ ಡಾಕ್ಸ್ ಅಂತ ಡಾಕ್ಯುಮೆಂಟರಿಗಳಿಗೇ ಮೀಸಲಾದ ದೊಡ್ಡ ಹಬ್ಬ ನಡೆಯತ್ತೆ, 2024ರಲ್ಲಿ ನಿಷ್ಠಾ ಜೈನ್ ಅವರ ಫಾರ್ಮಿಂಗ್ ದಿ ರೆವಲ್ಯೂಷನ್‌ಗೆ ಅತ್ಯುತ್ತಮ ಅಂತರರಾಷ್ಟ್ರೀಯ ಡಾಕ್ಯುಮೆಂಟರಿ ಪ್ರಶಸ್ತಿ ಬಂತು, ಅದೂ ದೆಹಲಿ ರೈತರ ಹೋರಾಟದ್ದೇ. ಎಡಿಟ್ ಟೇಬಲ್ ಅವರು ಬರೆದಿದ್ದು ಓದಿ ಮನಸ್ಸಿಗೆ ತುಂಬಾ ಬೇಜಾರಾಯ್ತು, ಅದೇ ಹೋರಾಟದ ಕನ್ನಡಿಗರ ಸಿನಿಮಾ ಬೆಂಗಳೂರಲ್ಲಿ ತೋರಿಸೋಕಾಗಲ್ಲ, ಇಲ್ಲಿ ಅದೇ ವಿಷಯಕ್ಕೆ ಪ್ರಶಸ್ತಿ.

ನಂದೊಂದು ಅನಿಸಿಕೆ. ಈ ಸಿನಿಮಾಗಳಲ್ಲಿ ಎಷ್ಟೋ ಸಲ ಹೊರದೇಶದ ಪ್ರೇಕ್ಷಕರಿಗೆ ಅರ್ಥ ಆಗ್ಲಿ ಅಂತ ಕೆಲವು ವಿಷಯ ಸರಳ ಮಾಡಿಬಿಡ್ತಾರೆ, ಜಾತಿ ವಿಷಯ ಅಂತೂ ಒಂದು ಸಾಲಲ್ಲಿ ಮುಗಿಸ್ತಾರೆ. ಅದಕ್ಕೇ ಶೌನಕ್ ಸೇನ್ ಅವರ ಆಲ್ ದಟ್ ಬ್ರೀತ್ಸ್ ನಂಗೆ ಬೇರೆ ಥರ ಅನ್ನಿಸಿದ್ದು. ದೆಹಲಿಯ ವಜೀರಾಬಾದಲ್ಲಿ ಗಾಳಿಪಟದ ಮಾಂಜಾಗೆ ಸಿಕ್ಕಿ ಗಾಯ ಆದ ಹದ್ದುಗಳಿಗೆ ನೆಲಮಾಳಿಗೇಲಿ ಚಿಕಿತ್ಸೆ ಕೊಡೋ ಅಣ್ಣತಮ್ಮಂದಿರು. ಹೊರಗೆ ಊರು ಹೊತ್ತಿ ಉರೀತಿರತ್ತೆ, ಅದನ್ನ ಸಿನಿಮಾ ಜೋರಾಗಿ ಹೇಳಲ್ಲ, ಪಕ್ಷಿಗೆ ಬ್ಯಾಂಡೇಜ್ ಕಟ್ಟುವಾಗ ಅವರ ಮಾತಲ್ಲಿ ಬಂದು ಹೋಗತ್ತೆ. ಯಾರಿಗೂ ಪಾಠ ಮಾಡಲ್ಲ. ಅವರ ಕೆಲಸ ಏನು ಅಂತ ನೋಡ್ತಾ ನೋಡ್ತಾ ನಮಗೇ ತಿಳಿಯತ್ತೆ.

ಗುಂಡ್ಲುಪೇಟೆ ಹುಡುಗ:
ಊರಲ್ಲಿ ತೋರ್ಸೋದು ಹೆಂಗೆ ಅಂತಾನೂ ಮಾತಾಡಣ. ನಮ್ಮ ಊರಲ್ಲಿ ಶಾಲೆ ಕಾಂಪೌಂಡಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೀವಿ, ಪ್ರೊಜೆಕ್ಟರ್ ಬಾಡಿಗೆಗೆ ತಂದಿದ್ದು. ದೊಡ್ಡ ತೊಂದ್ರೆ ಸಬ್‌ಟೈಟಲ್. ಇಂಗ್ಲಿಷ್ ಸಬ್‌ಟೈಟಲ್ ನಮ್ಮ ಅವ್ವಂದಿರು ಓದಲ್ಲ, ಕನ್ನಡದ್ದು ಹಾಕಿದ್ರೂ ಓದೋಷ್ಟರಲ್ಲಿ ಹೋಗಿರ್ತದೆ. ಅದಕ್ಕೆ ಒಬ್ಬ ಹುಡುಗಿ ಮೈಕ್ ಹಿಡ್ಕೊಂಡು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋದ್ಲು, ಯಕ್ಷಗಾನದಲ್ಲಿ ಭಾಗವತರು ಇರ್ತಾರಲ್ಲ ಹಂಗೆ. ಜನ ಎದ್ದು ಹೋಗ್ಲಿಲ್ಲ. ವೈಲ್ಡ್ ಕರ್ನಾಟಕಕ್ಕೆ ರಿಷಬ್ ಶೆಟ್ಟಿಯವರ ಕನ್ನಡ ನಿರೂಪಣೆ ಮಾಡ್ಸಿದ್ರಲ್ಲ, ಹಂಗೆ ಎಲ್ಲಾದಕ್ಕೂ ಒಂದು ಕನ್ನಡ ದನಿ ಇದ್ರೆ ಎಷ್ಟು ಚೆನ್ನ.

ಎಡಿಟ್ ಟೇಬಲ್:
ಅದು ತುಂಬಾ ಒಳ್ಳೇ ದಾರಿ. ಉಳಿದೋರಿಗೂ ಉಪಯೋಗ ಆಗ್ಲಿ ಅಂತ ಹೇಳ್ತೀನಿ, ನೆಟ್‌ಫ್ಲಿಕ್ಸ್‌ನೋರು ಕೆಲವು ಡಾಕ್ಯುಮೆಂಟರಿಗಳನ್ನ ಶಾಲೆ, ಕಾಲೇಜು, ಸಮುದಾಯ ಗುಂಪುಗಳಲ್ಲಿ ಟಿಕೆಟ್ ಇಲ್ಲದೆ ಒಂದು ಸಲ ತೋರಿಸೋಕೆ ಅನುಮತಿ ಕೊಡ್ತಾರೆ, ಯಾವುದಕ್ಕೆ ಕೊಟ್ಟಿದಾರೆ ಅಂತ ಅವರ ಮೀಡಿಯಾ ಸೈಟಲ್ಲಿ ಆಯಾ ಸಿನಿಮಾ ಪುಟದಲ್ಲಿ ಇರತ್ತೆ. ಉಳಿದಿದ್ದಕ್ಕೆ ನೇರ ನಿರ್ದೇಶಕರಿಗೇ ಬರೀರಿ. ನಮ್ಮ ಫೀಲ್ಡಿನೋರು ಇಂಥ ಮೇಲ್‌ಗೆ ಬೇಗ ಉತ್ತರ ಕೊಡ್ತಾರೆ, ತಮ್ಮ ಸಿನಿಮಾನ ಬಂದರಲ್ಲಿ ಮೀನುಗಾರರು ಕೇಳಿದಾರೆ ಅಂದ್ರೆ ಯಾರಿಗೆ ಬೇಡ ಅನ್ನಿಸತ್ತೆ.

ಮಲ್ಪೆ ಬಂದರು:
ಹಾಗಾದ್ರೆ ನಾನು ಅಗೇನ್‌ಸ್ಟ್ ದಿ ಟೈಡ್‌ನವರಿಗೆ ಬರೀತೇನೆ. ಇಂಗ್ಲಿಷಿನಲ್ಲಿ ಸರಿ ಮಾಡಿ ಬರೆದು ಕೊಡುವವರು ಯಾರಾದ್ರೂ ಉಂಟಾ? ಮೈಕಿನಲ್ಲಿ ಹೇಳ್ಲಿಕ್ಕೆ ನಮ್ಮಲ್ಲಿ ಜನ ಉಂಟು, ತುಳುವಿನಲ್ಲಿಯೇ ಹೇಳಿಸ್ತೇವೆ.

ಮೇಪಲ್ ಕನ್ನಡತಿ:
ನಾನು ಬರೆದುಕೊಡ್ತೀನಿ ಅಣ್ಣ. ಯಾವ ತಿಂಗಳು, ಎಲ್ಲಿ, ಸುಮಾರು ಎಷ್ಟು ಜನ ಸೇರ್ತಾರೆ ಅಂತ ಕನ್ನಡದಲ್ಲೇ ಇಲ್ಲಿ ಹಾಕಿ. ಎರಡೂ ಕಡೆಯೋರು, ನಾಡದೋಣಿಯೋರು ಬೋಟಿನೋರು, ಒಟ್ಟಿಗೆ ನೋಡ್ತಾರೆ ಅನ್ನೋದನ್ನ ಮೊದಲ ಸಾಲಲ್ಲೇ ಬರೀತೀನಿ.